ಬಂಕೆಯನಿಗೆ ಬಂದ ಕರೆ



ದಿಕ್ಸೂಚಿ ಭಾಷಣಕ್ಕೆ ಲೆಕ್ಕಪರಿಶೋಧಕನನ್ನು ಕರೆದಿದ್ದಾರೆ ಅಂದಕೂಡಲೇ ನಿಮ್ಮಲ್ಲಿ ಅರ್ಧ ಜನ ಎನ್‌ಆರ್‌ಇ ಖಾತೆ, ಎಫ್‌ಡಿ ಬಡ್ಡಿ, ಊರಿನ ಸೈಟು ಮಾರಿದರೆ ಎಷ್ಟು ತೆರಿಗೆ ಎಂಬ ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೀರಿ ಅಂತ ನನಗೆ ಗೊತ್ತು. ಅದಕ್ಕೆಲ್ಲ ಊಟದ ಹೊತ್ತಿನಲ್ಲಿ ಸಿಗಿ, ಫೀಸು ತೆಗೆದುಕೊಳ್ಳುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಸುಮಾರು 1,160 ವರ್ಷಗಳ ಹಿಂದೆ ಗಡಿಯಲ್ಲಿ ಕೆಲಸ ಮಾಡಿದ ನಮ್ಮವನೊಬ್ಬನ ಬಗ್ಗೆ. ಅವನ ಹೆಸರು ಬಂಕೆಯ. ಬಂಕೇಶ ಅಂತಲೂ ಕರೆಯುತ್ತಾರೆ.

ನಾವು ಕೂತಿರುವುದು ಲುಸೈಲ್‌ನಲ್ಲಿ. ನಾನು ಕತಾರಿಗೆ ಬಂದ ಹೊಸತರಲ್ಲಿ ಇಲ್ಲಿ ಮರಳು, ಕ್ರೇನು, ಅಗೆದ ಗುಂಡಿ, ಇಷ್ಟೇ ಇತ್ತು. ಈಗ ಮೆಟ್ರೋ ಕೆಂಪು ಲೈನಿನ ಕೊನೆಯ ಸ್ಟೇಷನ್ ಇಲ್ಲಿದೆ. 2022ರ ಡಿಸೆಂಬರ್ 18ರಂದು ವಿಶ್ವಕಪ್ ಫೈನಲ್ ಆದ ಸ್ಟೇಡಿಯಂ ಇಲ್ಲಿದೆ. ಈ ಸಭೆಯಲ್ಲಿರುವ ಎಷ್ಟೋ ಜನ ಈ ಊರಿಗೆ ಕೇಬಲ್ ಎಳೆದವರು, ಟೈಲ್ಸ್ ಹಾಕಿದವರು, ಬಿಲ್ ಪಾಸು ಮಾಡಿದವರು. ಇಲ್ಲಿಯೇ ಶೇಖ್ ಜಾಸಿಂ ತಮ್ಮ ಕೊನೆಯ ದಿನಗಳನ್ನು ಕಳೆದು 1913ರಲ್ಲಿ ತೀರಿಕೊಂಡರು. ಒಂದು ಕಡೆ ಒಟ್ಟೋಮನ್ನರು, ಇನ್ನೊಂದು ಕಡೆ ಬ್ರಿಟಿಷರು, ನಡುವೆ ಈ ಸಣ್ಣ ನೆಲ. ಎರಡು ದೊಡ್ಡವರ ನಡುವೆ ಬದುಕುವುದು ಎಂದರೇನು ಎಂಬುದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಒಂಬತ್ತನೇ ಶತಮಾನಕ್ಕೆ ಹೋಗೋಣ. ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಆಳುತ್ತಿದ್ದ. 814ರಿಂದ 878ರವರೆಗೆ, ಸುಮಾರು 64 ವರ್ಷ. ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿತು ಎಂಬುದು ನಾವು ಪ್ರತಿ ನವೆಂಬರಿನಲ್ಲೂ ಕೇಳುವ ಮಾತು. ಆ ರಾಜ್ಯದ ಸುದ್ದಿ ಈ ಕೊಲ್ಲಿಗೂ ಮುಟ್ಟಿತ್ತು. 851ರಲ್ಲಿ ಅರಬ್ಬಿಯಲ್ಲಿ ಬರೆದ ಒಂದು ಪುಸ್ತಕವಿದೆ, ವ್ಯಾಪಾರಿ ಸುಲೈಮಾನನದು ಅಂತ ಹೇಳುವುದು ರೂಢಿ. ಲೋಕದ ನಾಲ್ವರು ದೊಡ್ಡ ರಾಜರು ಯಾರು ಎಂದು ಅದು ಎಣಿಸುತ್ತದೆ: ಅರಬ್ಬರ ದೊರೆ, ಚೀನಾದ ದೊರೆ, ರೂಮ್‌ನ ದೊರೆ, ನಾಲ್ಕನೆಯವನು 'ಬಲ್ಹರಾ'. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ. ಈ ದೊರೆಗಳು ಅರಬ್ಬರನ್ನು ಪ್ರೀತಿಯಿಂದ ಕಾಣುತ್ತಾರೆ, ಅದರಿಂದಲೇ ಅವರಿಗೆ ಇಷ್ಟು ದೀರ್ಘ ಆಳ್ವಿಕೆ ಎಂದು ಆ ನಾಡಿನ ಜನ ನಂಬುತ್ತಾರೆ ಎಂದೂ ಬರೆದಿದ್ದಾನೆ. ವ್ಯಾಪಾರಿಗಳ ಲೆಕ್ಕಾಚಾರ ಯಾವಾಗಲೂ ತಮ್ಮ ಕಡೆಗೇ ವಾಲಿರುತ್ತದೆ, ಇರಲಿ. ಅದೇ ಶತಮಾನದಲ್ಲಿ ಈ ಪರ್ಯಾಯದ್ವೀಪದ ವಾಯವ್ಯದಲ್ಲಿ ಮುರ್ವಾಬ್ ಎಂಬ ಊರಿತ್ತು. ಅದರ ಮನೆಗಳ, ಮಸೀದಿಯ, ಕೋಟೆಯ ಅಡಿಪಾಯಗಳು ಅಗೆತದಲ್ಲಿ ಸಿಕ್ಕಿವೆ.

ಅರವತ್ತು ವರ್ಷ ಆಳಿದ ದೊರೆ ಎಂದರೆ ನೆಮ್ಮದಿಯ ರಾಜ್ಯ ಅಂದುಕೊಳ್ಳಬೇಡಿ. ಅಮೋಘವರ್ಷ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ಎದ್ದರು. ದಕ್ಷಿಣದಲ್ಲಿ ಗಂಗರು ತಲಕಾಡಿನಿಂದ ತಲೆ ಎತ್ತಿದರು. ದೊರೆಗೆ ಯುದ್ಧಕ್ಕಿಂತ ಪುಸ್ತಕದ ಕಡೆಗೇ ಒಲವು ಹೆಚ್ಚು. ಇಂಥ ದೊರೆ ಬಾಳಬೇಕಾದರೆ ಗಡಿಯಲ್ಲಿ ನಂಬುವಂಥ ಒಬ್ಬನಿರಬೇಕು. ಆ ಒಬ್ಬನೇ ಬಂಕೆಯ.

ಅವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಕೊಣ್ಣೂರಿನ ಒಂದೇ ಒಂದು ಕಲ್ಲಿನಿಂದ. ಗೋಕಾಕದ ಕೊಣ್ಣೂರಲ್ಲ, ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಕೊಣ್ಣೂರು. ನರಗುಂದ ಎಂದರೆ ನಮ್ಮ ಕಡೆಯವರಿಗೆ 1980ರ ರೈತ ಬಂಡಾಯ ನೆನಪಾಗುತ್ತದೆ. ಆ ಊರಿಗೆ ಹಿಂದೆ ಕೊಳನೂರು ಎಂದು ಹೆಸರು. ಬಂಕೆಯನ ಅಜ್ಜ ಎರಕೋರಿ, ಅಪ್ಪ ಅಧೋರ, ತಾಯಿ ವಿಜಯಾಂಕಾ. ಕುಲ ಮುಕುಲ. ಅಪ್ಪ ಕೊಳನೂರಿನ ಒಡೆಯ. ಅರಮನೆಯ ರಕ್ತದವನಲ್ಲ, ಒಂದು ಊರಿನ ಗೌಡಕಿಯಿಂದ ಮೇಲೆ ಬಂದವನು ಎನ್ನಬಹುದು.

ಶಾಸನದಲ್ಲಿ ಮಾತಾಡುವವನು ಸ್ವತಃ ದೊರೆ. 'ನನ್ನ ಕೃಪೆಯಿಂದ ಬನವಾಸಿ ಮೊದಲಾದ ಮೂವತ್ತು ಸಾವಿರವನ್ನು ಆಳುತ್ತಿರುವವನು' ಎಂಬ ಅರ್ಥದ ಮಾತಿನಿಂದ ಶುರುವಾಗುತ್ತದೆ. ಲೆಕ್ಕದವನಾದ ನಾನು ಅಲ್ಲೇ ನಿಂತುಬಿಟ್ಟೆ. ನಿಡಗುಂದಿ ಶಾಸನದಲ್ಲಿ ಇದೇ ಬಂಕೆಯನ ಅಧಿಕಾರವನ್ನು ಬಿಡಿಬಿಡಿಯಾಗಿ ಕೊಟ್ಟಿದ್ದಾರೆ: ಬನವಾಸಿ 12000, ಬೆಳ್ಗಲಿ 300, ಕುಂದರಗೆ 70, ಕುಂದೂರು 500, ಪುರಿಗೆರೆ 300. ಕೂಡಿದರೆ 13,170. ಮೂವತ್ತು ಸಾವಿರಕ್ಕೂ ಇದಕ್ಕೂ 16,830ರ ವ್ಯತ್ಯಾಸ. ನನ್ನ ಕೈಕೆಳಗಿನ ಹುಡುಗ ಇಂಥ ಎರಡು ಶೀಟು ತಂದಿಟ್ಟಿದ್ದರೆ ವಾಪಸು ಕಳಿಸುತ್ತಿದ್ದೆ. ಆದರೆ ಎರಡೂ ಒಂದೇ ವರ್ಷದವಾಗಿರಬೇಕಿಲ್ಲ, ಅಧಿಕಾರ ಏರುತ್ತ ಇಳಿಯುತ್ತ ಇರುತ್ತದೆ. ಈ ಅಂಕಿಗಳು ಹಳ್ಳಿಗಳ ಎಣಿಕೆಯೋ ಆದಾಯದ ಅಂದಾಜೋ ಎಂದು ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಲೇ ಇದ್ದಾರೆ. ಬನವಾಸಿ 12000 ಎಂಬುದು ನೂರಾರು ವರ್ಷ ಬದಲಾಗದೆ ನಡೆದುಬಂದ ಹೆಸರು. ಪ್ರತಿ ವರ್ಷ ಎಣಿಸಿದ ಸಂಖ್ಯೆ ಹಾಗೆ ನಿಲ್ಲುವುದಿಲ್ಲ. ಹಳೆಯ ಬಜೆಟ್ ಹೆಡ್ಡಿನ ಹಾಗೆ ಹೆಸರಿಗೇ ಅಂಟಿಕೊಂಡ ಅಂಕಿ ಅದು ಎಂಬುದು ನನ್ನ ಅನಿಸಿಕೆ.

ಮುಂದೆ ಬರುವುದು ಕೆಲಸದ ವರದಿ. ದೊರೆ ಬಂಕೆಯನಿಗೆ ಗಂಗವಾಡಿಯನ್ನು ಕಡಿದುಹಾಕು ಎಂದು ಹೇಳಿದ. ಶಾಸನ ಅದನ್ನು ಕಡಿಯಲಾಗದ ದೊಡ್ಡ ಮರಗಳ ಕಾಡು ಎಂದು ವರ್ಣಿಸುತ್ತದೆ. ಬಂಕೆಯ ಹೊರಟ. ಜೊತೆಯಲ್ಲಿ ಬರಬೇಕಾಗಿದ್ದ ಉಳಿದ ಸಾಮಂತರು ಹೊಟ್ಟೆಕಿಚ್ಚಿನಿಂದ ಕೈಬಿಟ್ಟರು. ಇವನು ಒಬ್ಬನೇ ಮುಂದುವರಿದು ಕೇದಾಳದ ಕೋಟೆ ಹಿಡಿದ. ಅದು ತುಮಕೂರಿನ ಹತ್ತಿರದ ಕೈದಾಳ. ತುಮಕೂರಿನವರು ಇಲ್ಲಿ ಸಾಕಷ್ಟು ಜನ ಇದ್ದೀರಿ, ನಿಮಗೆ ಜಕಣಾಚಾರಿ ಕತೆಯ ಕೈದಾಳ ಗೊತ್ತು. ಬೇಲೂರು ಹಳೇಬೀಡಿನ ಗುಡಿಗಳು ಏಳುವುದಕ್ಕೂ ಇನ್ನೂರೈವತ್ತು ವರ್ಷಕ್ಕೂ ಮೊದಲು ಅಲ್ಲಿ ಬಂಕೆಯ ಬಂದಿದ್ದ. ಅಲ್ಲಿಂದ ತಲಕಾಡಿನ ಒಡೆಯನನ್ನು ಓಡಿಸಿದ. ತುಂಬಿ ಹರಿಯುತ್ತಿದ್ದ ಕಾವೇರಿಯನ್ನು ದಾಟಿದ.

ಅಷ್ಟರಲ್ಲಿ ಮಾನ್ಯಖೇಟದಿಂದ ಕರೆ ಬಂತು. ಒಂದೇ ಮಾತು: ಬಾ.

ರಾಜಧಾನಿಯಲ್ಲಿ ಒಳಜಗಳ ಎದ್ದಿತ್ತು. ದೊರೆಯ ಮಗನೇ ವೈರಿಗಳ ಕಡೆ ಸೇರಿದ್ದ. ಬಂಕೆಯ ಕಾವೇರಿಯಾಚೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿದ. ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನ ಮನಸ್ಸು ತಣಿಸಿ ಅವನಿಗೆ ಹಾಲು ಕುಡಿಸದಿದ್ದರೆ ಉರಿಯುವ ಬೆಂಕಿಗೆ ಬೀಳುತ್ತೇನೆ ಎಂದು ಶಪಥ ಮಾಡಿದ. ಕೆಲವೇ ದಿನಗಳಲ್ಲಿ ತಲುಪಿದ. ದಂಗೆ ಅಡಗಿತು.

ಹಾಲು ಕುಡಿಸುವ ಮಾತು ನನಗೆ ತುಂಬ ಹಿಡಿಸಿತು. ತಲೆ ತಂದು ಕಾಲಡಿ ಇಡುತ್ತೇನೆ ಎಂದಿದ್ದರೆ ಅದು ಎಲ್ಲ ಪ್ರಶಸ್ತಿಗಳಲ್ಲೂ ಬರುವ ಮಾತು. ಚಿಂತೆಯಿಂದ ಊಟ ಬಿಟ್ಟ ಮನೆಯ ಯಜಮಾನನಿಗೆ ಒಂದು ಲೋಟ ಹಾಲು ಕುಡಿಸುವುದು ಎಂದರೆ ಅದು ಮನೆಮಂದಿ ಆಡುವ ಮಾತು.

ನಮ್ಮ ವೃತ್ತಿಯಲ್ಲಿ ಯಾವ ಕಾಗದ ಬಂದರೂ ಮೊದಲು ಕೇಳುವ ಪ್ರಶ್ನೆ: ಇದನ್ನು ಬರೆದವರು ಯಾರು, ಇದರಿಂದ ಲಾಭ ಯಾರಿಗೆ? ಈ ಶಾಸನ ಹುಟ್ಟಿದ್ದು ಬಂಕೆಯನ ಬಿನ್ನಹದ ಮೇಲೆ. ಕೊಳನೂರಿನಲ್ಲಿ ಅವನೇ ಕಟ್ಟಿಸಿದ ಬಸದಿಗೆ ದೊರೆ ತಳೆಯೂರು ಎಂಬ ಊರನ್ನೂ ಸುತ್ತಲ ಹಳ್ಳಿಗಳಲ್ಲಿ ಭೂಮಿಯನ್ನೂ ಬಿಟ್ಟ. ದಾನ ಪಡೆದವರು ದೇವೇಂದ್ರ ಮುನಿ. ದಿನ ಶಕ 782ರ ಆಶ್ವಯುಜ ಹುಣ್ಣಿಮೆ, ಚಂದ್ರಗ್ರಹಣ. ಲೆಕ್ಕ ಹಾಕಿದರೆ ಕ್ರಿ.ಶ. 860ರ ಅಕ್ಟೋಬರ್ 3, ಅಂದು ನಿಜಕ್ಕೂ ಗ್ರಹಣವಿತ್ತು. ತಾರೀಖು ತಾಳೆಯಾಯಿತು. ಬರೆದವನು ವಾಲಭ ಕಾಯಸ್ಥ ವಂಶದ ವತ್ಸರಾಜ, ಅಂದರೆ ನನ್ನ ಕಸುಬಿನ ಹಿರಿಯ. ಕೆಲಸ ನಡೆಸಿಕೊಟ್ಟವನು ಗಣಪತಿ. ಈ ಗಣಪತಿ ಯಾರು? ಬಂಕೆಯನ ಮುಖ್ಯ ಸಲಹೆಗಾರ!

ಈಗ ನಿಮಗೆ ನಗು ಬರುತ್ತಿರಬೇಕು. ಕೆಲಸ ಬಿಡುವಾಗ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೇಳಿದರೆ ಮುದೀರ್ ಏನು ಹೇಳುತ್ತಾನೆ? 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ.' ಕೊಣ್ಣೂರಿನ ಶಾಸನದಲ್ಲಿ ದೊರೆಯ ಬಾಯಲ್ಲಿ ಬರುವ ಹೊಗಳಿಕೆಯ ಕರಡು ಬಂಕೆಯನ ಮನೆಯಿಂದಲೇ ಹೋಗಿರಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೂ ನಾನು ಅದನ್ನು ಬಹುಮಟ್ಟಿಗೆ ನಂಬುತ್ತೇನೆ. ತಾನೇ ಬರೆದುಕೊಂಡ ಸರ್ಟಿಫಿಕೇಟಿನಲ್ಲಿ ಯಾರೂ ಬರೆಯದ ಎರಡು ಸಂಗತಿಗಳು ಅದರಲ್ಲಿವೆ. ಒಂದು, ಜೊತೆಗಾರರು ಅವನನ್ನು ಕೈಬಿಟ್ಟರು ಎಂಬುದು. ಎರಡು, ಹೇಳಿದ ಕೆಲಸ ಮುಗಿಯಲಿಲ್ಲ ಎಂಬುದು. ಗಂಗವಾಡಿಯ ಕಾಡನ್ನು ಕಡಿಯಲು ಹೋದವನು ಅರ್ಧ ಕಡಿದು ಬಂದ. ಅಷ್ಟೇ ಅಲ್ಲ, ದೊರೆಯ ಮನೆಯೊಳಗಿನ ಒಡಕು, ಮಗನ ದ್ರೋಹ, ಇವನ್ನು ದೊರೆಯ ಬಾಯಲ್ಲೇ ಹೇಳಿಸಿದ್ದಾರೆ. ದೊರೆ ಒಪ್ಪಿ ಮುದ್ರೆ ಒತ್ತಿದ್ದಾನೆ ಎಂದರೆ ಆ ನಂಟಿನ ಆಳ ತಿಳಿಯುತ್ತದೆ.

ಗಂಗವಾಡಿಯ ಸಮಸ್ಯೆ ಆಮೇಲೆ ಹೇಗೆ ಬಗೆಹರಿಯಿತು ಗೊತ್ತೇ? ಅಮೋಘವರ್ಷ ತನ್ನ ಮಗಳು ಅಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಮದುವೆ ಮಾಡಿಕೊಟ್ಟ. ಕಾವೇರಿ ದಾಟಿ ಹೋರಾಡಿದವನು ಒಬ್ಬ, ಕೊನೆಗೆ ಬೀಗರಾದವರು ಬೇರೆಯವರು. ಸೈಟಿನಲ್ಲಿ ಬಿಸಿಲು ಉಂಡವನಿಗೆ ಹೇಳದೆ ಹೆಡ್ ಆಫೀಸಿನಲ್ಲಿ ಒಪ್ಪಂದವಾಗುವುದು ಇವತ್ತಿನ ಕತೆಯೇನಲ್ಲ.

ಇದೇ ಕಾಲಕ್ಕೆ ಯುರೋಪಿನಲ್ಲಿ ಫ್ರಾಂಕರ ರಾಜ್ಯದ ಗಡಿಯಲ್ಲಿ ಬಂಕೆಯನಂಥವನೇ ಇನ್ನೊಬ್ಬನಿದ್ದ. ಅವನ ಹೆಸರು ರಾಬರ್ಟ್, ಚರಿತ್ರೆಯಲ್ಲಿ ಬಲಶಾಲಿ ರಾಬರ್ಟ್. 858ರಲ್ಲಿ ದೊರೆ ಬೋಳ ಚಾರ್ಲ್ಸನ ವಿರುದ್ಧ ದಂಗೆ ಎದ್ದವರಲ್ಲಿ ಅವನೂ ಒಬ್ಬ. ಆಮೇಲೆ ರಾಜಿಯಾಯಿತು, 861ರಲ್ಲಿ ಅದೇ ದೊರೆ ಸೀನ್ ಮತ್ತು ಲುವಾರ್ ನದಿಗಳ ನಡುವಿನ ಗಡಿಯನ್ನು ಅವನ ಕೈಗೇ ಒಪ್ಪಿಸಿದ. 866ರಲ್ಲಿ ಬ್ರಿಸಾರ್ತ್ ಎಂಬಲ್ಲಿ ವೈಕಿಂಗರ ಮೇಲೆ ಹೋರಾಡುತ್ತ ಸತ್ತ. ಅವನ ಮಗ ಓಡೋ 888ರಲ್ಲಿ ತಾನೇ ದೊರೆಯಾದ. ಮರಿಮಗ ಹ್ಯೂ ಕಪೆಟ್ 987ರಲ್ಲಿ ಫ್ರಾನ್ಸಿನ ಸಿಂಹಾಸನ ಏರಿದ, ಆ ವಂಶ ಶತಮಾನಗಟ್ಟಲೆ ಆಳಿತು. ಗಡಿಯಲ್ಲಿರುವವನ ಕೈಯಲ್ಲಿ ಸೈನ್ಯವಿರುತ್ತದೆ, ತೆರಿಗೆ ಇರುತ್ತದೆ, ರಾಜಧಾನಿ ದೂರವಿರುತ್ತದೆ. ಅದಕ್ಕೇ ಎಲ್ಲ ದೊರೆಗಳಿಗೂ ಗಡಿಯವನ ಮೇಲೆ ಅನುಮಾನ. ದಂಗೆಯ ಹೊತ್ತಿನಲ್ಲಿ ಬಂಕೆಯನ ಕೈಯಲ್ಲಿ ಗೆದ್ದ ಸೈನ್ಯವಿತ್ತು. ಮಾನ್ಯಖೇಟದಲ್ಲಿ ಅಪ್ಪ-ಮಗನ ಜಗಳ. ಅವನು ಕಾವೇರಿಯಾಚೆಯೇ ಕೂತು ಯಾರು ಗೆಲ್ಲುತ್ತಾರೋ ನೋಡೋಣ ಎನ್ನಬಹುದಿತ್ತು. ಮಗನ ಜೊತೆ ಮಾತುಕತೆಗೆ ಇಳಿಯಬಹುದಿತ್ತು. ತಾನೇ ದೊರೆಯಾಗುವ ಕನಸನ್ನೂ ಕಾಣಬಹುದಿತ್ತು. ಅವನ ಆಯ್ಕೆಯ ತೂಕ ತಿಳಿಯುವುದು ರಾಬರ್ಟನನ್ನು ಪಕ್ಕದಲ್ಲಿ ಇಟ್ಟು ನೋಡಿದಾಗ.

ಈ 'ಬಾ' ಎಂಬ ಮಾತಿನ ಬಗ್ಗೆ ನನ್ನದೊಂದು ಮಾತು ಹೇಳಿಬಿಡುತ್ತೇನೆ. 2020ರ ಫೆಬ್ರವರಿಯಲ್ಲಿ ನಮ್ಮಪ್ಪ ಫೋನ್ ಮಾಡಿ, 'ಒಂದ್ಸಲ ಬಂದ್ ಹೋಗಪಾ' ಅಂದರು. ಕಾರಣ ಹೇಳಲಿಲ್ಲ, ಹೇಳುವವರೂ ಅಲ್ಲ. ಆಡಿಟ್ ಸೀಸನ್ ನಡೀತಿದೆ, ಏಪ್ರಿಲ್‌ಗೆ ಬರ್ತೀನಿ ಅಂದೆ. ಯಾರೂ ನನ್ನನ್ನು ತಡೆದಿರಲಿಲ್ಲ. ರಜೆ ಕೇಳಿದ್ದರೆ ಕೊಡುತ್ತಿದ್ದರು. ಮಾರ್ಚ್‌ನಲ್ಲಿ ವಿಮಾನ ನಿಂತವು. ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲೂ ಇದೇ ನಡೆದಿದೆ, ನನಗೆ ಗೊತ್ತು. ಆಮೇಲೆ ಈ ಶಾಸನ ಓದಿದಾಗ ಬಂಕೆಯ ಗೆದ್ದ ಕೋಟೆಗಳಿಗಿಂತ ಅವನು ಬಿಟ್ಟುಬಂದ ಕೋಟೆಗಳೇ ನನಗೆ ಎದ್ದು ಕಂಡವು.

ಅವನು ಕೇಳಿದ್ದೇನು ಎಂಬುದನ್ನೂ ನೋಡಿ. ಸಿಂಹಾಸನ ಉಳಿಸಿದವನು ಏನು ಬೇಕಾದರೂ ಕೇಳಬಹುದಾದ ಹೊತ್ತು ಅದು. ಕೇಳಿದ್ದು ಹುಟ್ಟಿದೂರಿನ ಬಸದಿಗೆ ಭೂಮಿ. ಇದನ್ನು ಬರೀ ತ್ಯಾಗ ಎಂದು ನಾನು ಹೇಳುವುದಿಲ್ಲ. ಊರಿನ ಬಸದಿಗೆ ಭೂಮಿ ಬಂದರೆ ಊರಿನಲ್ಲಿ ಮನೆತನದ ಬೇರೂ ಗಟ್ಟಿಯಾಗುತ್ತದೆ, ಅದು ಅವನಿಗೆ ಗೊತ್ತಿತ್ತು. ನಾವೂ ಊರಿನ ಶಾಲೆಗೆ ಕೋಣೆ ಕಟ್ಟಿಸಿ ಗೋಡೆಯ ಮೇಲೆ ಹೆಸರು ಬರೆಸುವುದಿಲ್ಲವೇ? ಬರೆಸಲಿ ಬಿಡಿ, ಮಕ್ಕಳು ನೆರಳಲ್ಲಿ ಕೂರುತ್ತಾರೆ.

ಹೆಸರಿನ ವಿಷಯ ಬಂತು, ಇನ್ನೊಂದು ಹೇಳಬೇಕು. ಬಂಕೆಯನ ಜೊತೆ ಕಾವೇರಿಗೆ ಇಳಿದ ಒಬ್ಬ ಕಾಲಾಳಿನ ಹೆಸರೂ ಆ ಶಾಸನದಲ್ಲಿಲ್ಲ. ಲುಸೈಲ್‌ನ ಯಾವ ಟವರಿನ ಮೇಲೂ ಸ್ಟೀಲ್ ಕಟ್ಟಿದವನ ಹೆಸರಿಲ್ಲ. ಆದರೆ ನಮ್ಮ ನಾಡಿನ ಜನ ದೊರೆಯ ಶಾಸನಕ್ಕೆ ಕಾಯಲಿಲ್ಲ. ತುರು ಕಾದು ಸತ್ತ, ಊರು ಕಾದು ಸತ್ತ ಸಾಮಾನ್ಯನಿಗೂ ಊರವರೇ ವೀರಗಲ್ಲು ನಿಲ್ಲಿಸಿದರು. ಕರ್ನಾಟಕದ ಹೊಲದ ಬದುಗಳಲ್ಲಿ ಅಂಥ ಕಲ್ಲುಗಳು ಸಾವಿರಾರು ಇವೆ.

ಬಂಕೆಯನ ಹೆಸರಿನಲ್ಲಿ ಇಂದಿಗೂ ಒಂದು ಊರಿದೆ: ಹಾವೇರಿ ಜಿಲ್ಲೆಯ ಬಂಕಾಪುರ. ಅವನ ಮಗ ಲೋಕಾದಿತ್ಯ ಅಲ್ಲಿಂದ ಬನವಾಸಿ ನಾಡನ್ನು ಆಳಿದ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಸಾಮಂತನಾಗಿಯೇ ಉಳಿದ. ಗುಣಭದ್ರರ ಉತ್ತರಪುರಾಣದ ಕೊನೆಯಲ್ಲಿ ಶಕ 820ರ ಕಾಲ, ಅಂದರೆ 897ರ ಸುಮಾರು, ಬಂಕಾಪುರ, ಲೋಕಾದಿತ್ಯ, ಅಪ್ಪನ ಹೆಸರಿನಲ್ಲಿ ಆದ ಊರು ಎಂಬ ವಿವರಗಳೆಲ್ಲ ಇವೆ. ಮುಂದೆ ಆ ಊರು ಜೈನ ವಿದ್ಯೆಗೆ ಹೆಸರಾಯಿತು. ಆಚಾರ್ಯ ಅಜಿತಸೇನರು ಅಲ್ಲಿದ್ದರು. 974ರ ಹೊತ್ತಿಗೆ ಒಬ್ಬ ದೊರೆ ರಾಜ್ಯ ಬಿಟ್ಟು ಬಂದು ಬಂಕಾಪುರದಲ್ಲಿ ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಅವನು ಯಾರು? ಮಾರಸಿಂಹ, ಗಂಗರ ದೊರೆ! ಯಾರ ಕಾಡನ್ನು ಕಡಿಯಲು ಬಂಕೆಯ ಹೋಗಿದ್ದನೋ ಆ ಮನೆತನದವನು, ರಾಷ್ಟ್ರಕೂಟರ ಕೊನೆಗಾಲದಲ್ಲಿ ಅವರ ಪರವಾಗಿಯೇ ಕೊನೆಯವರೆಗೆ ನಿಂತಿದ್ದವನು, ಸಾಯಲು ಆರಿಸಿಕೊಂಡ ಜಾಗ ಬಂಕೆಯನ ಊರು.

ಕೊನೆಗೆ ಆ ಕಲ್ಲಿನ ಸಂಗತಿ. ನಾವು ಓದುವುದು 860ರ ಮೂಲವನ್ನಲ್ಲ. ಮೂಲ ತಾಮ್ರದ ಹಲಗೆಗಳ ಮೇಲಿತ್ತು, ಅವು ಇಂದು ಇಲ್ಲ. ಸುಮಾರು ಮುನ್ನೂರು ವರ್ಷದ ಬಳಿಕ, 12ನೇ ಶತಮಾನದಲ್ಲಿ, ಕೊಳನೂರಿನ ಮಹಾಪ್ರಭು ಹುಲಿಯಮರಸ ಮತ್ತು ಊರವರು ಮೇಘಚಂದ್ರ ತ್ರೈವಿದ್ಯರ ಮಗ ವೀರನಂದಿ ಮುನಿಗಳನ್ನು ಕೇಳಿಕೊಂಡರು. ಅವರು ತಾಮ್ರದಲ್ಲಿದ್ದುದನ್ನು ಕಲ್ಲಿಗೆ ಇಳಿಸಿಕೊಟ್ಟರು. ಅಷ್ಟೊತ್ತಿಗೆ ರಾಷ್ಟ್ರಕೂಟರು ಹೋಗಿ ಬಹಳ ಕಾಲ ಸಂದಿತ್ತು. ಕೊಟ್ಟ ದೊರೆ ಇಲ್ಲ, ಕೇಳಿದ ಬಂಕೆಯ ಇಲ್ಲ, ಭೂಮಿ ಇದೆ, ಕಾಗದ ಸವೆಯುತ್ತಿದೆ. ಊರವರು ದೃಢೀಕೃತ ನಕಲು ಮಾಡಿಸಿದರು, ಅದೂ ಯಾರು ಕೇಳಿದ್ದಕ್ಕೆ, ಯಾರು ಮಾಡಿಕೊಟ್ಟರು ಎಂಬ ಹೆಸರುಗಳ ಸಮೇತ. ನಕಲು ಎಂಬುದನ್ನು ಮುಚ್ಚಿಡಲಿಲ್ಲ. ನಕಲಿನಲ್ಲಿ ಕೈತಪ್ಪು ಆಗಿರಬಹುದು, ಒಂದೆರಡು ಮಾತು ಸೇರಿರಲೂಬಹುದು, ಆಡಿಟರ್ ಆಗಿ ನಾನು ಅಷ್ಟು ಷರಾ ಬರೆದೇ ಸಹಿ ಹಾಕುತ್ತೇನೆ. ಆದರೆ ಆ ನಕಲು ಇಲ್ಲದಿದ್ದರೆ ಮುರಿದ ಜೊತೆಗಾರರು, ಕಾವೇರಿಯ ಪ್ರವಾಹ, ಹಾಲಿನ ಶಪಥ, ಒಂದೂ ನಮಗೆ ಸಿಗುತ್ತಿರಲಿಲ್ಲ.

ಮುಂದಿನ ರಜೆಯಲ್ಲಿ ಹುಬ್ಬಳ್ಳಿಗೆ ಇಳಿದವರು ನವಲಗುಂದ, ನರಗುಂದ ದಾಟಿ ಬಾಗಲಕೋಟೆ ಕಡೆ ಹೋಗುವಾಗ ಮಲಪ್ರಭೆ ಹತ್ತಿರದ ಕೊಣ್ಣೂರಿನಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಿ. ಅಲ್ಲಿ ಹಳೆಯ ಪರಮೇಶ್ವರ ದೇವಸ್ಥಾನವಿದೆ. ಹಾವೇರಿ ಕಡೆ ಹೋಗುವವರಿಗೆ ಬಂಕಾಪುರ ಹೆದ್ದಾರಿಯಲ್ಲೇ ಸಿಗುತ್ತದೆ. ಕೋಟೆಯೊಳಗೆ ನಗರೇಶ್ವರ ಗುಡಿಯ ಕಂಬಗಳಿವೆ, ಈಗ ಅದು ನವಿಲುಧಾಮವೂ ಹೌದು. ಬೆಳಗಿನ ಹೊತ್ತು ಹೋಗಿ, ಬಿಸಿಲೇರಿದ ಮೇಲೆ ನವಿಲು ಕಾಣುವುದು ಕಡಿಮೆ. ಮಕ್ಕಳನ್ನು ಕರೆದುಕೊಂಡು ಹೋಗಿ.

 ಎನ್‌ಆರ್‌ಇ ಖಾತೆಯವರು ಊಟದ ಸಾಲಿನಲ್ಲಿ ಸಿಗಿ.